ಶೂನ್ಯ ಕಸದ ಹಾಸ್ಟೆಲು

ಇಸ್ತ್ರಿ ಅಂಗಡಿಯ ಹಿಂದಿನ ಕೋಣೆ
ಫೆಬ್ರವರಿ ಹನ್ನೊಂದು, ಬುಧವಾರ

ಪ್ರೀತಿಯ ಕುಳ್ಳೀ,

ಹೇಗಿದ್ದೀಯ? ಕತ್ತುನೋವು ಕಡಿಮೆಯಾಯಿತೋ ಇಲ್ಲವೋ? ಎರಡು ದಿಂಬು ಬೇಡ, ಒಂದೇ ಸಾಕು ಎಂದು ಹೊರಡುವಾಗಲೂ ಬಡಿದುಕೊಂಡೆ, ನೀನು ಕೇಳುವವಳಲ್ಲ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೋ, ಸಭೆಯ ಬಿಸ್ಕತ್ತಿನಲ್ಲೇ ದಿನ ದೂಡುತ್ತಿದ್ದೀಯೋ? ನನ್ನ ಮಂಡಿ ಹಾಗೇ ಇದೆ. ನಿಂತುಕೊಂಡು ಕೆಲಸ ಮಾಡಬೇಡಿ ಎಂದರು ಡಾಕ್ಟರು. ಕೂತು ಇಸ್ತ್ರಿ ಮಾಡುವುದು ಹೇಗೆಂದು ನೀವೇ ಬಂದು ತೋರಿಸಿಕೊಡಿ ಎಂದೆ. ಮಾತ್ರೆ ಬರೆದು ಸಾಗಹಾಕಿದರು. ಅದೇನು ಮಾತ್ರೆಯೋ, ನುಂಗಿದರೆ ಮಂಡಿಯ ಬದಲು ಹೊಟ್ಟೆ ನೋಯುತ್ತದೆ.

ಫೋನು ಮಾಡಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಿ ನೀನು "ಮೀಟಿಂಗ್‌ನಲ್ಲಿದ್ದೀನಿ ದೊಡ್ಡಮ್ಮಾ" ಎಂದು ಮಾತು ಕತ್ತರಿಸುತ್ತೀಯ. ಕಾಗದವನ್ನು ಕತ್ತರಿಸಿದರೂ ಜೋಡಿಸಿ ಓದಲೇಬೇಕು. ನಿಮ್ಮ ಕಾಲೇಜಿನ ವಿಭಾಗದ ಗುಮಾಸ್ತರು ಇವತ್ತು ಸಂಜೆ ಆ ಊರಿಗೆ, ನಿನ್ನ ಸಭೆಗೇ ಹೊರಟಿದ್ದಾರಂತೆ, ಕೋಟು ಇಸ್ತ್ರಿಗೆ ತಂದಾಗ ಬಾಯಿಬಿಟ್ಟರು. ಅವರ ಕೈಯಲ್ಲೇ ಕೊಡುತ್ತೇನೆ. ಲಕೋಟೆಗೆ ದಪ್ಪಗೆ ಅಂಟು ಮೆತ್ತಿದ್ದೇನೆ. ಕಿತ್ತ ಗುರುತು ಕಂಡರೆ ನನಗೆ ಹೇಳು. ಆ ಮನುಷ್ಯ ಬಟ್ಟೆ ಎಣಿಸುವ ಹೊತ್ತಿನಲ್ಲೂ ಪಕ್ಕದವರ ಮಾತಿಗೆ ಕಿವಿಕೊಡುತ್ತಾನೆ.

ವಿಷಯಕ್ಕೆ ಬರುತ್ತೇನೆ. ಶುಕ್ರವಾರ ನೀನು ದೊಡ್ಡವರೆದುರು ನಿಂತು ಮಾತಾಡುತ್ತೀಯ, ಅದು ಅವರಿಗೆ ಹಿಡಿಸಿದರೆ ನಿನ್ನ ಹಂಗಾಮಿ ಕೆಲಸ ಖಾಯಂ ಆಗುತ್ತದೆ. ಇಷ್ಟು ನನಗೆ ಗೊತ್ತು. ಸುಸ್ಥಿರತೆ ಎನ್ನುವ ನಿನ್ನ ಆ ಪದ ನನ್ನ ನಾಲಿಗೆಗೆ ಹತ್ತಲು ವಾರ ಬೇಕಾಯಿತು. ಕಟ್ಟಡ ಕಟ್ಟುವುದನ್ನು ಕಲಿಯುವವರಿಗೂ ಲೆಕ್ಕಪತ್ರ ಕಲಿಯುವವರಿಗೂ ನಾಟಕ ಕಲಿಯುವವರಿಗೂ ಅದನ್ನು ಪಾಠವಾಗಿ ಇಡಿಸಿದೆಯಲ್ಲ, ನಾಟಕದವರಿಗೆ ಯಾಕೆ ಎಂದು ಆಗಲೇ ನನಗೆ ಅನುಮಾನ ಬಂದಿತ್ತು. "ವೇದಿಕೆಯ ಮೇಲಿನ ಮನೆಗೂ ಮರ ಬೇಕಲ್ಲ ದೊಡ್ಡಮ್ಮಾ, ನಾಟಕ ಮುಗಿದ ಮೇಲೆ ಅದೆಲ್ಲಿಗೆ ಹೋಗುತ್ತೆ?" ಎಂದೆ ನೀನು. ಆ ಮಾತು ನನಗೆ ಹಿಡಿಸಿತು. ಆದರೆ ಹಾಸ್ಟೆಲುಗಳ ನಡುವೆ ಕಸದ ಪಂದ್ಯ ಹಚ್ಚಿದ್ದು ಹಿಡಿಸಲಿಲ್ಲ. ಶನಿವಾರ ಬೆಳಗ್ಗೆ ಹಾಸ್ಟೆಲಿನ ಬಾಗಿಲಲ್ಲಿ ತಕ್ಕಡಿ ಇಟ್ಟು ಕಸ ತೂಗುವುದು, ಗೇಟಿನ ಹಲಗೆಯ ಮೇಲೆ ಬರೆಯುವುದು, ಫೋಟೋ ಹೊಡೆಯುವುದು. ತೂಕ ಇರುವ ಕಡೆ ಕೈಚಳಕ ಇದ್ದೇ ಇರುತ್ತದೆ. ಹುಡುಗಿಯರ ಹಾಸ್ಟೆಲಿನ ಮುಂದೆ ವಾರಗಟ್ಟಲೆ ಸೊನ್ನೆ ಬರೆದಿದ್ದರು, ಶುಕ್ರವಾರ ನೀನು ಎತ್ತಿ ತೋರಿಸುವುದೂ ಅದನ್ನೇ. ಅಷ್ಟು ಹೆಣ್ಣುಮಕ್ಕಳು ಉಂಡು, ತಲೆ ಬಾಚಿ, ಓದಿ, ಮಲಗಿ ಎದ್ದರೂ ಕಸವೇ ಇಲ್ಲವಂತೆ! ನಿನ್ನನ್ನು ಎತ್ತಿ ಆಡಿಸಿದವಳು ನಾನು. ಒಬ್ಬಳೇ ಒಬ್ಬಳು ಪೋರಿ ದಿನಕ್ಕೆ ಎಷ್ಟು ಕಸ ಮಾಡಬಲ್ಲಳು ಎಂದು ನನಗೆ ಹೇಳಿಕೊಡಬೇಕಾಗಿಲ್ಲ.

ಅದೇ ಹೊತ್ತಿಗೆ ಇಲ್ಲಿ ಅಂಗಡಿಯ ಹಿಂದಿನ ನನ್ನ ಕಸದ ಡಬ್ಬ ಉಕ್ಕತೊಡಗಿತು. ಇರುವವಳು ನಾನೊಬ್ಬಳು, ಡಬ್ಬ ಮಾತ್ರ ಮದುವೆಮನೆಯದು. ಕಸದ ಗಾಡಿಯವಳು ಮೂಗಿನ ಮೇಲೆ ಬೆರಳಿಟ್ಟು, "ಅಜ್ಜೀ, ಒಬ್ಬರೇ ಕೂತು ಇಷ್ಟೆಲ್ಲ ಮುಕ್ಕುತ್ತೀರಾ?" ಎಂದಳು. ಮೈ ಉರಿದುಹೋಯಿತು. ನೇರ ಪಕ್ಕದ ಕ್ಷೌರದಂಗಡಿಗೆ ನುಗ್ಗಿದೆ. ಅವನ ಮೇಲೆ ನನಗೆ ಹಳೆಯ ಗುಮಾನಿ, ಗೋಡೆಯ ಆ ಕಡೆಯಿಂದ ಏನಾದರೂ ಎಸೆಯುತ್ತಲೇ ಇರುತ್ತಾನೆ ಎಂದು. ಅರ್ಧ ಗಡ್ಡ ಹೆರೆಸಿಕೊಂಡ ಗಿರಾಕಿಯ ಮುಂದೆಯೇ ಬಾಯಿಗೆ ಬಂದಂತೆ ಅಂದೆ. ಅವನು ಕತ್ತಿ ಕೆಳಗಿಟ್ಟು, "ಅಕ್ಕಾ, ನನ್ನ ಅಂಗಡಿ ಕಸ ಅಂದ್ರೆ ಕೂದಲು. ನಿಮ್ಮ ಡಬ್ಬದಲ್ಲಿರೋದು ನೂಡಲ್ಸ್. ಅದು ಯಾರ ತಲೇಲಿ ಬೆಳೆಯುತ್ತೆ, ತೋರಿಸಿ, ಫ್ರೀಯಾಗಿ ಬೋಳಿಸ್ತೀನಿ" ಎಂದ. ಗಿರಾಕಿ ನೊರೆಯೊಳಗೇ ನಕ್ಕ. ನಾನು ವಾಪಸು ಬಂದೆ. ಕ್ಷಮೆಗಿಮೆ ಏನೂ ಕೇಳಲಿಲ್ಲ; ಅವನ ಬಿಳಿ ಟವೆಲುಗಳನ್ನು ಒಂದು ಸಲ ಸುಮ್ಮನೆ ಇಸ್ತ್ರಿ ಮಾಡಿಕೊಟ್ಟೆ, ಅವನಿಗೆ ಅರ್ಥವಾಯಿತು.

ಆಮೇಲೆ ಮೂಗಿಗೆ ಕೆಲಸ ಕೊಟ್ಟೆ. ನಿನ್ನ ಹಾಸ್ಟೆಲಿನ ಹುಡುಗಿಯರು ಬಟ್ಟೆಯ ಗಂಟನ್ನು ತಾವೇ ಹಿಂದಿನ ಬಾಗಿಲಿನಿಂದ ತಂದಿಡುತ್ತಾರಲ್ಲ, ಆ ಬಟ್ಟೆಗೆ ಬೆವರಿನ ವಾಸನೆ ಇರಬೇಕು, ಇಲ್ಲ ಸೋಪಿನ ವಾಸನೆ. ಇದಕ್ಕೆ ಟೊಮೆಟೊ ಸಾಸಿನ ವಾಸನೆ. ಬರುವಾಗ ಗಂಟು ಕುಂಬಳಕಾಯಿಯಷ್ಟು, ಬಿಚ್ಚಿದರೆ ಒಳಗೆ ಎರಡು ಚೂಡಿದಾರ. ನಿನ್ನೆ ಮಧ್ಯಾಹ್ನ ಅಂಗಡಿಯ ಮುಂದಿನ ಬಾಗಿಲು ಹಾಕಿ, ಒಣಗಲು ಹಾಕಿದ್ದ ಹಾಸಿಗೆ ಹೊದಿಕೆಗಳ ಹಿಂದೆ ಮಂಡಿ ಹಿಡಿದುಕೊಂಡು ನಿಂತೆ. ಬಂದಳು ನೋಡು ನಿನ್ನ ಆ ಉದ್ದನೆಯ ಹುಡುಗಿ, ನಿನ್ನ ಜೊತೆ ಹಲಗೆಯ ಪಕ್ಕ ಹಲ್ಲು ಕಿರಿದು ಫೋಟೋ ತೆಗೆಸಿಕೊಂಡವಳು. ಅವಳ ಹಿಂದೆ ಕೋಣೆಯ ಗೆಳತಿಯರಿಬ್ಬರು. ಬಟ್ಟೆ ಈ ಕಡೆ, ಒಳಗಿದ್ದ ಚೀಲ ಆ ಕಡೆ, ಸೀದಾ ನನ್ನ ಡಬ್ಬಕ್ಕೆ. ಗೇಟಿನ ಕಾವಲುಗಾರ ಎಲ್ಲರ ಬ್ಯಾಗು ಜಾಲಾಡುತ್ತಾನೆ, ಒಗೆತಕ್ಕೂ ಇಸ್ತ್ರಿಗೂ ಒಯ್ಯುವ ಬಟ್ಟೆಗೆ ಮಾತ್ರ ಕೈ ಹಾಕುವುದಿಲ್ಲ. ಹೆಣ್ಣುಮಕ್ಕಳ ಬಟ್ಟೆ, ನಾಚಿಕೆ ಅವನಿಗೆ.

ಹೊದಿಕೆ ಸರಿಸಿ ಎದುರು ನಿಂತೆ. "ಕಸ ಶೂನ್ಯ ಆಗಿಲ್ಲ ಕಣ್ರೇ, ಅದರ ವಿಳಾಸ ಬದಲಾಗಿದೆ ಅಷ್ಟೇ" ಎಂದೆ. ಉದ್ದನೆಯವಳು ಅಲ್ಲೇ ಕುಕ್ಕರಿಸಿದಳು. ಅತ್ತರೆ ಕರಗುತ್ತೇನೆಂದು ಯಾರೋ ಹೇಳಿಕೊಟ್ಟಿರಬೇಕು. ಕರಗಲಿಲ್ಲ, ನೀರು ಕೊಟ್ಟೆ. ಆಮೇಲೆ ಒಂದೊಂದೇ ಹೊರಬಿತ್ತು. ಮೊದಲು ನಿಜವಾಗಿಯೇ ಕಷ್ಟಪಟ್ಟರಂತೆ. ಉಳಿದ ಅನ್ನ ಗೊಬ್ಬರದ ಗುಂಡಿಗೆ, ಕಾಗದದ ಹಿಂಬದಿಯಲ್ಲೂ ಬರೆಯುವುದು, ಕುಡಿಯಲು ಸ್ಟೀಲಿನ ಲೋಟ. ಕಸ ಅರ್ಧಕ್ಕೆ ಇಳಿಯಿತಂತೆ. ಅಲ್ಲಿಗೆ ಗಕ್ಕನೆ ನಿಂತಿತು. ಮೆಸ್ಸಿನವರು ಬೇಗ ಬಾಗಿಲು ಹಾಕುತ್ತಾರೆ, ಓದುವವರು ಹೊರಗಿನಿಂದ ತರಿಸುತ್ತಾರೆ, ಊಟಕ್ಕಿಂತ ಡಬ್ಬವೇ ದೊಡ್ಡದು. ಮೆಸ್ಸು ಇನ್ನಷ್ಟು ಹೊತ್ತು ತೆರೆದಿಡಿ ಎಂದು ಕೇಳಿದರೆ ವಾರ್ಡನ್ನು ಆಮೇಲೆ ನೋಡೋಣ ಎಂದರಂತೆ. ಗಂಡುಹುಡುಗರ ಹಾಸ್ಟೆಲು ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತಿತ್ತು. "ಅರ್ಧಕ್ಕೆ ಯಾರು ದೊಡ್ಡಮ್ಮಾ ಚಪ್ಪಾಳೆ ಹೊಡೀತಾರೆ? ಸೊನ್ನೆಗೇ ಫೋಟೋ" ಎಂದಳು ಉದ್ದನೆಯವಳು. ಅವಳಿಗೆ ಮುಂದಿನ ವಾರ ಯಾವುದೋ ದೊಡ್ಡ ಕಂಪನಿಯ ಸಂದರ್ಶನ, ಅಲ್ಲಿ ಕಾರ್ಖಾನೆಯ ಕಸ, ನೀರು, ಕರೆಂಟು ನೋಡಿಕೊಳ್ಳುವ ಕೆಲಸವಂತೆ. ಹಾಸ್ಟೆಲನ್ನು ಶೂನ್ಯಕ್ಕೆ ತಂದವಳು ಎಂದು ಅರ್ಜಿಯಲ್ಲಿ ಬರೆದುಕೊಂಡಿದ್ದಾಳೆ. ಇಲ್ಲಿ ನನ್ನ ಡಬ್ಬಕ್ಕೆ ಸುರಿದವಳು ಅಲ್ಲಿ ಯಾರ ಹೊಳೆಗೆ ಸುರಿಸುತ್ತಾಳೋ! ಅದನ್ನೂ ಮುಖಕ್ಕೇ ಅಂದೆ. ಅದಕ್ಕೆ ಮಾತ್ರ ಅವಳು ನಿಜವಾಗಿ ಅತ್ತಳು, ವ್ಯತ್ಯಾಸ ನನಗೆ ಗೊತ್ತಾಗುತ್ತದೆ.

ಚೀಲಗಳನ್ನು ಹೊತ್ತುಕೊಂಡು ಹೋಗಿ ಶನಿವಾರ ತಕ್ಕಡಿಗೆ ಹಾಕಿ ಎಂದೆ. "ಶುಕ್ರವಾರ ಮೇಡಂ ಮಾತಾಡಿ ಆಗಲಿ, ಆಮೇಲೆ ನೀವು ಹೇಳಿದ ಹಾಗೆ" ಎಂದು ಮೂವರೂ ಕೈಮುಗಿದರು. ಡಬ್ಬದಿಂದ ಚೀಲಗಳನ್ನು ಹೊರತೆಗೆಸಿ ಅವರನ್ನು ಕಳಿಸಿದೆ. ಚೀಲಗಳು ನೀರಿನ ತೊಟ್ಟಿಯ ಹಿಂದೆ ಕೂತಿವೆ. ನೊಣಗಳಿಗೆ ಸುಸ್ಥಿರತೆ ಸಿಕ್ಕಿದೆ.

ನಾನು ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಸಾಕಿ ಬಂದವಳು, ಪಾಠ ಹೇಳುವ ಯೋಗ್ಯತೆ ನನಗಿಲ್ಲ. ಆದರೂ ನನ್ನ ತಲೆಗೆ ಹೊಳೆದದ್ದು ಇದು: ಅರ್ಧ ಕಸ ಇಳಿಸಿದ್ದು ನಿಜವಾದರೆ ಅದೇನು ಸಣ್ಣ ಮಾತೇ? ಅದನ್ನು ಹೇಳಲು ಯಾಕೆ ನಾಚಿಕೆ? ಇಲ್ಲಿ ಎಲ್ಲರಿಗೂ ನಿನ್ನ ಮೇಲೆ ಹೆಮ್ಮೆ. ಕ್ಷೌರದವನು ನಮಸ್ಕಾರ ಹೇಳಿದ್ದಾನೆ. ವೇಳೆಗೆ ಸರಿಯಾಗಿ ಉಣ್ಣು, ಮಾತಾಡುವಾಗ ಸೆರಗು ತಿರುಚಬೇಡ, ಮೈಕಿನ ಮುಂದೆ ಗಂಟಲು ಕೆರೆಯಬೇಡ. ನಿನ್ನ ಕತ್ತು ನೆಟ್ಟಗಾಗಲಿ, ಬದುಕು ಅದಕ್ಕಿಂತ ನೆಟ್ಟಗಿರಲಿ.

ಇಂತಿ,
ನಿನ್ನ ದೊಡ್ಡಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಗುಮಾಸ್ತರು ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದಾರೆ, ಬೇಗ ಹೇಳುತ್ತೇನೆ. ಆ ಚೀಲಗಳ ಬಾಯಿಗೆ ಹಾಕಿದ್ದು ನಮ್ಮ ಅಂಗಡಿಯ ಗಂಟು, ಎಡಗೈಯಲ್ಲಿ ಎಳೆದರೆ ಮಾತ್ರ ಬಿಚ್ಚುವುದು. ಅದನ್ನು ನಾನು ಕಲಿಸಿದ್ದು ನಿನಗೊಬ್ಬಳಿಗೇ. ಕ್ಲಾಸಿನಲ್ಲಿ ಹಳೆ ಬಟ್ಟೆ ಕಟ್ಟಿಡುವಾಗ ಮೇಡಂ ಕಲಿಸಿದರು ಎಂದರು ಹುಡುಗಿಯರು. ಇರಬಹುದು. ಆದರೆ ನಾನು ನಿನ್ನ ಹೆಸರು ಎತ್ತುವ ಮೊದಲೇ ಮೂವರೂ ಒಟ್ಟಿಗೆ "ಮೇಡಂಗೆ ಏನೂ ಗೊತ್ತಿಲ್ಲ" ಎಂದರಲ್ಲ, ಆಗಿನಿಂದ ನನಗೆ ಅನ್ನ ಇಳಿಯುತ್ತಿಲ್ಲ. ನಿನಗೆ ಗೊತ್ತಿತ್ತಾ ಕುಳ್ಳೀ? ಗೊತ್ತಿರಲಿಲ್ಲ ಎಂದರೆ ಶುಕ್ರವಾರ ಎಲ್ಲರ ಮುಂದೆ ಸೊನ್ನೆ ಅಳಿಸಿ ಅರ್ಧ ಎಂದು ಹೇಳು. ಗೊತ್ತಿತ್ತು ಎಂದರೂ ಅದನ್ನೇ ಹೇಳು. ಹೇಳಿದ ಮೇಲೆ ಕೆಲಸ ಉಳಿದರೂ ಹೋದರೂ ಸೀದಾ ಮನೆಗೆ ಬಾ, ನಾನು ಇನ್ನೊಂದು ಸಲ ಕೇಳುವುದಿಲ್ಲ.