ನಿನ್ನನ್ನು ಇಲ್ಲವೆಂದೆ

ಆದೆಮ್ಮಕ್ಕಾ,

ನೀನು ತೀರಿಕೊಂಡು ಆರು ವರ್ಷವಾಯಿತು. ಆದರೂ ಇದನ್ನು ನಿನಗೇ ಹೇಳಬೇಕು. ಇವತ್ತು ಮಾನ್ವಿಯಿಂದ ನನ್ನ ಮಗಳು ದೇವಿಕಾಳನ್ನು ಮಕ್ಕಳಾಗಲಿಲ್ಲವೆಂದು ರಾಯಚೂರಿನ ಆಸ್ಪತ್ರೆಗೆ ಕರೆದೊಯ್ದಿದ್ದೆ.

"ನಿಮ್ಮ ಮನ್ಯಾಗ ಯಾರಿಗರ ಲಗೂನ ಮುಟ್ಟು ನಿಂತಿತ್ತೇನ್ರಿ?" ಎಂದರು ಡಾಕ್ಟರಮ್ಮ.

ಮೂವತ್ತಕ್ಕೇ ಮುಟ್ಟು ನಿಂತು ಬಂಜೆ ಅನ್ನಿಸಿಕೊಂಡ ನೀನು ನೆನಪಾದೆ. ಪಕ್ಕದಲ್ಲೇ ದೇವದುರ್ಗದಿಂದ ಬಂದ ದೇವಿಕಾಳ ಅತ್ತೆ ಕೂತಿದ್ದಳು.

"ಯಾರೂ ಇಲ್ರಿ" ಎಂದೆ.

ದೇವಿಕಾಳ ಅಂಡಾಣುಗಳು ಈಗಲೇ ಮುಗಿಯುತ್ತ ಬಂದಿವೆಯಂತೆ. ಬೇರೆ ಹೆಣ್ಣೊಬ್ಬಳು ದಾನ ಕೊಟ್ಟ ಅಂಡಾಣುವಿನಿಂದ ಬಸಿರಾಗಬಹುದಂತೆ. ನಾನು ನೆಲ ನೋಡುತ್ತ ಕೂತೆ.

ದೇವಿಕಾ ಮಾತ್ರ ತಲೆ ಎತ್ತಿದಳು. "ನಮ್ಮ ಆದೆಮ್ಮ ದೊಡ್ಡವ್ವಗ ಹಿಂಗ ಆಗಿತ್ರಿ, ಬರಕೊಳ್ರಿ."

ಅವಳು ಹೊಟ್ಟೆಯಲ್ಲಿದ್ದಾಗಲೇ ಅಲ್ಲವೇ ಅಕ್ಕಾ, ನನ್ನ ಸೀಮಂತದ ಕುಬಸದ ದಿನ, ಉಡಿ ತುಂಬಲು ಅಕ್ಕಿ ಹಿಡಿದು ಬಂದ ನಿನ್ನನ್ನು ನಾನು ಹೊಸ್ತಿಲಾಚೆಯೇ ನಿಲ್ಲಿಸಿದ್ದು?