ಬೆಟ್ಟದವಳು ಸಪಾಟು ರಸ್ತೆಗಿಳಿದದ್ದು

ನವೆಂಬರ್ ೧೯, ಮಂಗಳವಾರ

ಪ್ರೀತಿಯ ಚಿಗರಿಗೆ,

ಹೇಗಿದ್ದೀಯ ಮಗಳೇ? ಹಾಸ್ಟೆಲಿನ ಊಟ ಮೈಗೆ ಹಿಡಿಯುತ್ತಿದೆಯೇ? ಕೋಣೆಯ ಜೊತೆಗಾತಿ ಗೊರಕೆ ಹೊಡೆಯುವುದನ್ನು ನಿಲ್ಲಿಸಿದಳೇ, ಇಲ್ಲ ನಿನಗೇ ಅದು ಜೋಗುಳವಾಗಿದೆಯೇ? ನಿನ್ನ ಪತ್ರ ಬಂದು ತಿಂಗಳಾಗುತ್ತ ಬಂತು. ಉತ್ತರ ಬರೆಯದೆ ಕೂತದ್ದಕ್ಕೆ ಬೈದುಕೋ, ಆದರೆ ಇದನ್ನು ಪೂರ್ತಿ ಓದಿದ ಮೇಲೆ ಬೈದುಕೋ. ಮ್ಯಾರಥಾನ್ ಮುಗಿಯಲಿ, ಆಮೇಲೆ ಬರೆಯೋಣ ಎಂದುಕೊಂಡಿದ್ದೆ. ಮುಗಿದ ಮೇಲೆ ಒಂದು ವಾರ ಕಾಲು ಚಾಚಿ ಕೂತುಬಿಟ್ಟೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ನಡುವೆ ಬಾಯಿ ಹಾಕಿ ನನ್ನ ಕಥೆಯನ್ನು ನೀನೇ ಮುಗಿಸಿಬಿಡುತ್ತೀಯ.

ನಿಮ್ಮಪ್ಪ ಚೆನ್ನಾಗಿದ್ದಾರೆ. ಆಸ್ಪತ್ರೆಯ ಹಳೇ ಲಿಫ್ಟ್ ಮತ್ತೆ ಮತ್ತೆ ಎರಡು ಮಹಡಿಗಳ ನಡುವೆ ನಿಲ್ಲುತ್ತದೆ, ಇವರು ಉಪಕರಣದ ಚೀಲ ಹೊತ್ತು ಓಡುತ್ತಾರೆ. ಮೊನ್ನೆ ಊಟಕ್ಕೆ ಕೂತವರು, "ಜನ ಮೆಟ್ಟಿಲು ಹತ್ತದೇ ಇರ್ಲಿ ಅಂತ ನಾನು ಜೀವಮಾನವೆಲ್ಲ ದುಡಿದೆ. ಕಟ್ಕೊಂಡಿದ್ದು ಮಾತ್ರ ಬೆಟ್ಟ ಹತ್ತೋಳನ್ನ. ಹುಟ್ಟಿದ ಮಗಳೂ ಅದೇ ಜಾತಿ" ಎಂದರು. ನಗುತ್ತಲೇ ಅಂದರು. ಅವರ ಮೊಣಕಾಲಿನ ನೋವು ಹಾಗೇ ಇದೆ, ಡಾಕ್ಟರ ಹತ್ತಿರ ಹೋಗಿ ಎಂದರೆ ಕೇಳುವುದಿಲ್ಲ.

ಇನ್ನು ನಿನ್ನ ಪ್ರಶ್ನೆ. ಇಷ್ಟು ವರ್ಷ ಬೆಟ್ಟ ಓಡಿದವಳಿಗೆ ಇದ್ದಕ್ಕಿದ್ದಂತೆ ರಸ್ತೆಯ ಹುಚ್ಚು ಯಾಕೆ ಹಿಡಿಯಿತು ಎಂದು ಕೇಳಿದ್ದೆ. ಓಟದ ದಿನ ಬಂದಿದ್ದ ಪತ್ರಿಕೆಯವನೂ ಅದನ್ನೇ ಕೇಳಿದ. ಅವನಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. ಬೆಟ್ಟದ ದೂರದ ಓಟಗಳಲ್ಲಿ ಗೆದ್ದವರು ರಸ್ತೆಯ ಮ್ಯಾರಥಾನಿನಲ್ಲೂ ಗೆಲ್ಲಬಲ್ಲರೇ ಎನ್ನುವ ಜಗಳ ನಮ್ಮಲ್ಲಿ ಮುಗಿಯುವುದೇ ಇಲ್ಲ. "ನೂರು ಕಿಲೋಮೀಟರ್ ಬೆಟ್ಟ ಹತ್ತಿಳಿಯೋರಿಗೆ ನಲವತ್ತೆರಡು ಯಾವ ಲೆಕ್ಕ?" ಎಂದು ನಮ್ಮವರು. "ಅವರದ್ದೂ ಒಂದು ಓಟಾನಾ? ಅರ್ಧ ದಾರಿ ನಡೀತಾರೆ, ಇನ್ನರ್ಧ ತಿಂತಾರೆ" ಎಂದು ರಸ್ತೆಯವರು. ಎರಡೂ ಕಡೆಯವರಿಗೆ ಬಾಯಿ ಜೋರು, ಹೋಗಿ ನೋಡಿದವರು ಕಡಿಮೆ. ನಾನು ಹೋಗಿ ನೋಡಿದೆ.

ರಸ್ತೆ ಓಟದವರಿಗೆ ತರಬೇತಿ ಕೊಡುವ ಹಿರಿಯರೊಬ್ಬರಿದ್ದಾರೆ. ಎರಡೂ ಕೈಗೆ ಒಂದೊಂದು ಗಡಿಯಾರ ಕಟ್ಟುವುದರಿಂದ ಎಲ್ಲರೂ ಅವರನ್ನು ಗಡಿಯಾರ ಮೇಷ್ಟ್ರು ಎನ್ನುತ್ತಾರೆ. ಮೊದಲ ದಿನ ನನ್ನನ್ನು ಮೈದಾನದ ಸುತ್ತ ಓಡಿಸಿ, ಎರಡೂ ಗಡಿಯಾರ ನೋಡಿ, "ಎಂಜಿನ್ ಲಾರೀದು ಕಣಮ್ಮ. ಗೇರ್ ಮಾತ್ರ ಮೂರೇ ಇವೆ" ಎಂದರು.

"ನಾಲ್ಕನೇದು ಹಾಕ್ಸಕ್ಕಾಗುತ್ತಾ, ಸರ್?"

"ವಯಸ್ಸೆಷ್ಟು?"

"ನಲವತ್ನಾಲ್ಕು."

"ಹಾಕಿ ನೋಡೋಣ. ಕಿರಗುಟ್ಟಿದ್ರೆ ನನ್ನ ಬೈಬೇಡ."

ಎರಡು ಗಂಟೆ ನಲವತ್ತು ನಿಮಿಷದೊಳಗೆ ಮುಟ್ಟಿದರೆ ರಸ್ತೆ ಓಟದ ತಂಡದಲ್ಲಿ ಜಾಗ ಕೊಡಿಸುತ್ತೇನೆಂದರು. ಹೀಗೆ ಬೇಸಿಗೆಯೆಲ್ಲ ನಾನು ಕಾರ್ಖಾನೆಗಳ ಹಿಂದಿನ ನೇರ ರಸ್ತೆಯಲ್ಲಿ ಕಳೆದೆ. ಒಂದು ಕಡೆ ಕಾಂಪೌಂಡು ಗೋಡೆ, ಇನ್ನೊಂದು ಕಡೆ ನಿಂತ ಲಾರಿಗಳು. ಬೆಟ್ಟದಲ್ಲಿ ಒಂದು ಹೆಜ್ಜೆ ಇದ್ದಂತೆ ಇನ್ನೊಂದು ಇರುವುದಿಲ್ಲ, ನಿನಗೇ ಗೊತ್ತು. ಕಲ್ಲು, ಬೇರು, ಜಾರು, ಏರು. ತೊಡೆ ಸೋತರೆ ಮೀನಖಂಡ ಕೈ ಹಿಡಿಯುತ್ತದೆ, ಅದೂ ಸೋತರೆ ನಡೆಯಬಹುದು, ಯಾರೂ ನಗುವುದಿಲ್ಲ. ರಸ್ತೆಯಲ್ಲಿ ಇಟ್ಟ ಹೆಜ್ಜೆಯನ್ನೇ ಇಡಬೇಕು. ಅದೇ ಸ್ನಾಯು ಅದೇ ಏಟನ್ನು ತಿನ್ನುತ್ತಲೇ ಇರುತ್ತದೆ. ಉಸಿರು ನನಗೊಮ್ಮೆಯೂ ಸಾಲದಾಗಲಿಲ್ಲ. ಕಾಲು ಬೇಗ ಬೇಗ ತಿರುಗುವುದು ಮಾತ್ರ ಬರಲೊಲ್ಲದು. ಹತ್ತೊಂಬತ್ತರ ಹುಡುಗಿಯರು ಮಾತಾಡುತ್ತ ಮಾತಾಡುತ್ತ ನನ್ನನ್ನು ದಾಟಿ ಹೋಗುತ್ತಿದ್ದರು.

ಓಟದ ದಿನ ತಣ್ಣಗಿತ್ತು, ಗಾಳಿ ಇರಲಿಲ್ಲ. ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕುದುರೆಜುಟ್ಟಿನ ಹುಡುಗಿಯೊಬ್ಬಳು ನಿಂತಿದ್ದಳು. ಬೆಟ್ಟದ ಓಟದಲ್ಲಿ ಕೊಟ್ಟ ನನ್ನ ಹಳೆಯ ಟೋಪಿ ನೋಡಿ, "ಆಂಟೀ, ನೀವು ಬೆಟ್ಟದವರಲ್ವಾ? ಇಲ್ಲಿ ದಾರಿ ತಪ್ಪೋ ಚಾನ್ಸೇ ಇಲ್ಲ, ಹೆದರ್ಬೇಡಿ" ಎಂದಳು. ಕುಹಕವೋ ಧೈರ್ಯ ಹೇಳಿದ್ದೋ ಗೊತ್ತಾಗಲಿಲ್ಲ. ಅರ್ಧ ದಾರಿಯವರೆಗೂ ಅವಳ ಭುಜಕ್ಕೆ ಭುಜ ಕೊಟ್ಟೇ ಓಡಿದೆ. ಅಂದುಕೊಂಡ ವೇಗದಲ್ಲೇ ಇದ್ದೆವು. ಆಮೇಲೆ ನದಿಯ ಸೇತುವೆ ಬಂತು. ಆ ದಾರಿಯಲ್ಲಿದ್ದ ಒಂದೇ ಒಂದು ಏರು ಅದು, ನಮ್ಮ ಲೆಕ್ಕದಲ್ಲಿ ಏರೂ ಅಲ್ಲ, ನೆಲ ಸ್ವಲ್ಪ ಹುಬ್ಬೇರಿಸಿದಂತೆ. ಆದರೆ ನನ್ನ ಕಾಲಿಗೆ ತವರು ಕಂಡಂತಾಯಿತು. ನಾನು ಕೇಳದೆಯೇ ಅದು ಹಾರಿತು. ಹುಡುಗಿ ಹಿಂದೆ ಬಿದ್ದಳು, ಅವಳ ಮುಂದಿದ್ದ ಇಬ್ಬರೂ ಹಿಂದೆ ಬಿದ್ದರು. ಸೇತುವೆಯ ನೆತ್ತಿಯ ಮೇಲೆ ನಾನು ಒಬ್ಬಳೇ. ನಿಜ ಹೇಳುತ್ತೇನೆ, ಜೋರಾಗಿ ನಕ್ಕುಬಿಟ್ಟೆ. ಪಕ್ಕದಲ್ಲಿ ಸೈಕಲ್ ಮೇಲಿದ್ದ ಪೊಲೀಸಿನವನು ನನಗೆ ತಲೆ ಕೆಟ್ಟಿತೆಂದುಕೊಂಡಿರಬೇಕು.

ಸೇತುವೆ ಇಳಿದ ಮೇಲೆ ಮತ್ತೆ ಸಪಾಟು. ಅಲ್ಲಿಂದ ಕೊನೆಯವರೆಗೂ ಹಲಗೆಯಂಥ ರಸ್ತೆ. ತೊಡೆ ಮೊದಲು ಬಿಗಿಯಿತು, ಆಮೇಲೆ ಮರದ ದಿಮ್ಮಿಯಾಯಿತು. ಬೆಟ್ಟದಲ್ಲಾಗಿದ್ದರೆ ಅಲ್ಲೊಂದು ಇಳಿಜಾರು ಬಂದು ನನ್ನನ್ನು ಕಾಪಾಡುತ್ತಿತ್ತು. ಮೊದಲು ಹಿಂದೆ ಬಿದ್ದ ಇಬ್ಬರು ದಾಟಿದರು. ಆಮೇಲೆ ಕುದುರೆಜುಟ್ಟಿನವಳು ಬಂದಳು. ದಾಟುವಾಗ ಒಂದು ಕ್ಷಣ ನಿಧಾನ ಮಾಡಿ, "ಬನ್ನಿ ಆಂಟೀ, ನನ್ ಬೆನ್ನಿಗೇ ಬನ್ನಿ" ಎಂದಳು. ಕುಹಕವಲ್ಲವೆಂದು ಆಗ ತಿಳಿಯಿತು. ಹೋಗಲು ನೋಡಿದೆ, ಆಗಲಿಲ್ಲ. ಆಮೇಲೆ ಇನ್ನೂ ಮೂವರು ದಾಟಿದರು.

ಮುಟ್ಟಿದ್ದು ಏಳನೆಯವಳಾಗಿ, ಹೇಳಿದ ಸಮಯಕ್ಕಿಂತ ಎರಡು ನಿಮಿಷ ತಡವಾಗಿ. ಮೇಷ್ಟ್ರು ಗಡಿಯಾರ ನೋಡಲಿಲ್ಲ, ನನ್ನ ಕಾಲು ನೋಡಿದರು. "ಇಪ್ಪತ್ತೈದರಲ್ಲಿ ನನ್ನ ಕೈಗೆ ಸಿಕ್ಕಿದ್ರೆ ಸಾಕಿತ್ತು" ಎಂದರು. ಆಮೇಲೆ, "ಇನ್ನೊಂದು ವರ್ಷ ಬಾರಮ್ಮ, ಆ ಎರಡು ನಿಮಿಷ ಕೀಳೋಣ" ಎಂದರು. ಬರುತ್ತೇನೆ ಎಂದೆ.

ಜಗಳಕ್ಕೆ ನನ್ನ ತೀರ್ಪು ಕೇಳಿದರೆ ಇಷ್ಟೇ: ನಮ್ಮವರು ರಸ್ತೆಯಲ್ಲಿ ಮರ್ಯಾದೆ ಉಳಿಸಿಕೊಳ್ಳಬಲ್ಲರು. ಚಿಕ್ಕ ವಯಸ್ಸಿನಲ್ಲೇ ಇಳಿದರೆ ಒಂದಿಬ್ಬರು ಗೆಲ್ಲಲೂಬಹುದು. ಆದರೆ ಬೆಟ್ಟದಲ್ಲಿ ಗಳಿಸಿದ್ದನ್ನೇ ಅಲ್ಲಿ ಖರ್ಚು ಮಾಡುತ್ತೇನೆಂದು ಹೊರಟರೆ ಆಗುವುದಿಲ್ಲ. ಅದು ಬೇರೆಯೇ ಕಸುಬು. ಆ ಹುಡುಗಿಗೆ ಅದು ಬರುತ್ತದೆ, ನನಗೆ ಅರ್ಧ ಬರುತ್ತದೆ. ಇದರಲ್ಲಿ ಬೇಜಾರೇನೂ ಇಲ್ಲ.

ನಕ್ಷೆ ಬರೆಯುವ ಪರೀಕ್ಷೆ ಚೆನ್ನಾಗಿ ಬರಿ. ಹೊತ್ತಿಗೆ ಸರಿಯಾಗಿ ತಿನ್ನು. ಒಣಗದ ಸಾಕ್ಸ್ ಹಾಕಿಕೊಂಡು ಓಡಬೇಡ. ನಿನ್ನ ಕಾಲು ಗಟ್ಟಿಯಾಗಿರಲಿ, ಮನಸ್ಸು ಅದಕ್ಕಿಂತ ಗಟ್ಟಿಯಾಗಿರಲಿ, ನೂರು ಕಾಲ ಸುಖವಾಗಿ ಬಾಳು ಮಗಳೇ.

ನಿನ್ನ,
ಅಮ್ಮ

ಮರೆತಿದ್ದು: ಮರೆತಿರಲಿಲ್ಲ, ಮೇಲೆ ಬರೆಯಲಾಗಲಿಲ್ಲ. ಕಳೆದ ವರ್ಷ ರಾತ್ರಿಯ ಬೆಟ್ಟದ ಓಟವನ್ನು ಹೊಟ್ಟೆ ಕೆಟ್ಟಿತೆಂದು ಅರ್ಧಕ್ಕೆ ಬಿಟ್ಟು ಬಂದೆನಲ್ಲ, ಹೊಟ್ಟೆ ಚೆನ್ನಾಗಿಯೇ ಇತ್ತು. ತಲೆಗೆ ದೀಪ ಕಟ್ಟಿಕೊಂಡಿದ್ದರೂ ದಾರಿಯ ಅಂಚು ಕಾಣಲಿಲ್ಲ. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ನೋಟ ಅಂಚಿನಿಂದ ಒಳಕ್ಕೆ ಕಿರಿದಾಗುತ್ತ ಬರುತ್ತಿದೆ, ಕತ್ತಲಲ್ಲಿ ಮೊದಲು, ಆಮೇಲೆ ಹಗಲಲ್ಲೂ, ನಿಲ್ಲಿಸುವ ಔಷಧಿ ಇಲ್ಲ ಎಂದರು. ಸಪಾಟು ರಸ್ತೆಗೆ ನಾನು ಇಳಿದದ್ದು ಅದಕ್ಕೆ. ಡಾಕ್ಟರು ಹೇಳಿದ ಆ ಮಾತನ್ನು ನಾನು ಹೇಗೋ ತಡೆದುಕೊಂಡೆ. ಆಮೇಲೆ ಅವರು, "ಮಕ್ಕಳಿದ್ದಾರಾ?" ಎಂದು ಕೇಳಿದರು. "ಒಬ್ಬಳು ಮಗಳು. ಬೆಟ್ಟ ಓಡ್ತಾಳೆ" ಎಂದೆ. ಅವರು ಪೆನ್ನು ಕೆಳಗಿಟ್ಟರು. ಈ ಕಾಯಿಲೆ ಕೆಲವು ಮನೆಗಳಲ್ಲಿ ತಾಯಿಯಿಂದ ಮಕ್ಕಳಿಗೆ ಬರುತ್ತದಂತೆ, ಕೆಲವರಲ್ಲಿ ಬರುವುದಿಲ್ಲವಂತೆ. ನೀನು ರಾತ್ರಿಯ ಓಟಕ್ಕೆ ಹೆಸರು ಕೊಟ್ಟಿರುವುದಾಗಿ ಬರೆದಿದ್ದೀಯ. ಅದಕ್ಕೆ ಮುಂಚೆ ಕಣ್ಣು ತೋರಿಸಿಕೋ. ನಿಮ್ಮಪ್ಪ ಬಂದು ಕರೆದುಕೊಂಡು ಹೋಗುತ್ತಾರೆ, ಇಲ್ಲವೇ ನಾನು ಬರುತ್ತೇನೆ. ನೀನು ಚಿಕ್ಕಂದಿನಲ್ಲಿ ಎಲ್ಲೆಲ್ಲಿ ಎಡವಿ ಬಿದ್ದಿದ್ದೆಯೋ ಅದನ್ನೆಲ್ಲ ಒಂದೊಂದಾಗಿ ನೆನಪಿಸಿಕೊಳ್ಳುತ್ತ, ಎಲ್ಲ ಮಕ್ಕಳೂ ಹಾಗೇ ಬೀಳುತ್ತವೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.