ಮಾವಿನ ಹಣ್ಣಿನ ಚಿತ್ರವಿದ್ದ ಬಾಟಲಿ

೧೨ ಮಾರ್ಚ್ ೨೦೨೪, ಮಂಗಳವಾರ. ಮೇಲೂರು.

ಆ ಬಾಟಲಿ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಸಂಜೆ ಮೊಮ್ಮಗಳು ಭಾನುಪ್ರಿಯಾ ಫೋನಿನಲ್ಲಿ ಅರ್ಧ ಗಂಟೆಯ ಹಳೇ ಬ್ರಿಟಿಷ್ ಸಿನಿಮಾ ಹಾಕಿದಳು, ಕಪ್ಪುಬಿಳುಪಿನದು. "ನಿಜವಾಗ್ಲೂ ನಡೆದಿದ್ದ ಕೊಲೆಯಂತೆ ತಾತ" ಎಂದಳು. ಅದರಲ್ಲಿ ಗಂಡನೊಬ್ಬ ಹೆಂಡತಿಯ ಟಾನಿಕ್ ಬಾಟಲಿಗೆ ವಿಷ ತುಂಬಿಟ್ಟ. ಅವಳು ಮೇಲಿನ ಚೀಟಿ ನಂಬಿ ಕುಡಿದಳು. ನನಗೆ ತಟ್ಟನೆ ಬೆಳಗಿನದು ನೆನಪಾಯಿತು. ಬೆಳಿಗ್ಗೆಯಷ್ಟೇ ಕೆಂಚಾರ್ಲಹಳ್ಳಿಯಿಂದ ಬಂದಿದ್ದ ತಂಗಿ ಚಿಕ್ಕವೆಂಕಟಮ್ಮನಿಗೆ ರೇಷ್ಮೆ ಹುಳುಮನೆಗೆ ರೋಗ ಬಾರದಂತೆ ಹೊಡೆಯಲೆಂದು ಫಾರ್ಮಲಿನ್ ಎಂಬ ವಿಷದ ಔಷಧಿ ಕೊಟ್ಟಿದ್ದೆ. ಕೊಟ್ಟಿದ್ದು ಜ್ಯೂಸ್ ಬಾಟಲಿಯಲ್ಲಿ, ಅದರ ಮೇಲಿನ ಮಾವಿನ ಹಣ್ಣಿನ ಚಿತ್ರವನ್ನೂ ಕೀಳದೆ. ಅವಳ ಮನೆಯಲ್ಲಿ ಮೂರು ಪುಟ್ಟ ಮಕ್ಕಳಿವೆ.

ನಾಲ್ಕನೇ ಸಲಕ್ಕೆ ಫೋನ್ ಎತ್ತಿದಳು.

"ಮುಚ್ಚಳ ತೆಗೆದ್ರೆ ಕಣ್ಣುರಿಯುತ್ತೆ ಅಣ್ಣಯ್ಯ, ಅದನ್ಯಾರು ಕುಡೀತಾರೆ? ಅಟ್ಟದ ಮೇಲಿಟ್ಟಿದೀನಿ. ನೀನು ಸಿನಿಮಾ ನೋಡೋದು ಕಮ್ಮಿ ಮಾಡಪ್ಪ" ಎಂದು ನಕ್ಕಳು.

ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಆ ಗಂಡ ಬೇಕೆಂದೇ ಮಾಡಿದ, ನಾನು ಯೋಚಿಸದೆ ಮಾಡಿದೆ. ಬಾಯಾರಿದ ಮಗುವಿಗೆ ಎರಡೂ ಒಂದೇ. ಹೋದ ವಾರ ಮಂಡಿಕಲ್ಲಿನ ಬೀಗರಿಗೂ ಹೀಗೆಯೇ ತುಂಬಿಸಿ ಕೊಟ್ಟಿದ್ದೆ. ಅವರ ಫೋನ್ ಸ್ವಿಚ್ ಆಫ್ ಎಂದೇ ಬರುತ್ತಿದೆ. ಬೆಳಕು ಹರಿದ ಕೂಡಲೇ ಮೊದಲ ಬಸ್ಸಿಗೆ ಮಂಡಿಕಲ್ಲಿಗೆ ಹೋಗಿ ಆ ಬಾಟಲಿಯ ಮೇಲಿನ ಮಾವಿನ ಹಣ್ಣನ್ನು ಕಿತ್ತು ಬರಬೇಕು.

ಈಗ ಬೀಗರಿಗೆ ಇನ್ನೊಂದು ಸಲ ಫೋನ್ ಮಾಡಿ ನೋಡುತ್ತೇನೆ.